ಎಐ ಕಾಲದ ಹಾಡುಗಾರಿಕೆ: ಬಾಗಲಕೋಟೆ ಸೀಮೆ

ಕೃತಕ ಬುದ್ಧಿಮತ್ತೆ, ಅಂದರೆ ಎಐ, ಸಂಗೀತದ ವ್ಯವಹಾರದಲ್ಲಿ ಮೂರು ಬಗೆಯ ಕೆಲಸ ಮಾಡುತ್ತಿದೆ. ಸ್ಪಾಟಿಫೈ, ಯೂಟ್ಯೂಬ್, ಜಿಯೋಸಾವನ್‌ನಂಥ ಆ್ಯಪ್‌ಗಳಲ್ಲಿ ಒಂದು ಹಾಡು ಮುಗಿದ ಮೇಲೆ ಯಾವುದು ಬರಬೇಕೆಂದು ಗೊತ್ತುಮಾಡುತ್ತದೆ. ಧ್ವನಿಮುದ್ರಣವಾದ ಹಾಡನ್ನು ಬಿಡಿಸಿ ದನಿ ಬೇರೆ, ವಾದ್ಯ ಬೇರೆ ಮಾಡುತ್ತದೆ, ಒಬ್ಬರು ಹಾಡಿದ್ದನ್ನು ಇನ್ನೊಬ್ಬರ ದನಿಯಲ್ಲಿ ಕೇಳಿಸುತ್ತದೆ. ಬೇಕಾದ ಧಾಟಿಯನ್ನು ಎರಡು ಸಾಲಿನಲ್ಲಿ ಬರೆದುಕೊಟ್ಟರೆ ಸಾಹಿತ್ಯ, ರಾಗ, ಮೇಳ, ಗಾಯನ ಎಲ್ಲ ಸೇರಿದ ಹಾಡನ್ನು ನಿಮಿಷಗಳೊಳಗೆ ಕೊಡುತ್ತದೆ.

ಜಗತ್ತಿನ ಚರ್ಚೆ ಹೆಚ್ಚಾಗಿ ನಡೆದಿರುವುದು ಮೂರನೆಯದರ ಬಗ್ಗೆ, ಅದೂ ದೊಡ್ಡ ಕಂಪನಿ ಮತ್ತು ದೊಡ್ಡ ಗಾಯಕರ ಸುತ್ತ. ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ, ಇಳಕಲ್ಲ ಕಡೆಯ ಹಾಡುಗಾರರಿಗೆ ಹೆಚ್ಚು ಹತ್ತಿರದ್ದು ಎರಡನೆಯದು. ಇಲ್ಲಿ ಹಾಡಿನ ಗಳಿಕೆ ಆ್ಯಪ್‌ನಿಂದ ಬರುವುದಕ್ಕಿಂತ ಜಾತ್ರೆ, ಮದುವೆ, ರಸಮಂಜರಿಗೆ ಕರೆಸಿದವರು ಕೊಡುವ ಸಂಭಾವನೆಯಿಂದ ಬರುವುದೇ ಹೆಚ್ಚು. ಯಂತ್ರ ಮೊದಲು ಜಾಗ ಬಿಡಿಸುವುದು ವೇದಿಕೆಯ ಮುಂದೆ ನಿಂತ ಗಾಯಕನನ್ನಲ್ಲ. ಅವನ ಹಿಂದೆ ಕೂತು ನುಡಿಸುವವರನ್ನು, ಸ್ಟುಡಿಯೋದಲ್ಲಿ ಟ್ರ್ಯಾಕು ಮಾಡಿಕೊಡುವವರನ್ನು, ಕೋರಸ್ಸಿಗೆ ಬರುವವರನ್ನು. ಇದು ದುಡಿಮೆಯ ನಷ್ಟ. ಇನ್ನೊಂದು ನಷ್ಟ ಹೆಸರಿನದು, ಹಾಡು ಯಾರದೆಂಬ ಗುರುತಿನದು.

ಸೀಮೆ ಮತ್ತು ಕಸುಬು

ಹುನಗುಂದ ಸೀಮೆಯ ಊರುಗಳಲ್ಲಿ ಹಾಡು ಕೇಳುವ ಮುಖ್ಯ ಜಾಗಗಳಲ್ಲಿ ಟ್ರ್ಯಾಕ್ಟರ್ ಒಂದು. ಡ್ರೈವರ್ ಸೀಟಿನ ಹಿಂದೆ ಸೌಂಡ್ ಬಾಕ್ಸ್ ಕಟ್ಟಿಸಿ, ಮೊಬೈಲು ಜೋಡಿಸಿ ಜನಪದ ಹಾಡು ಹಚ್ಚಿಕೊಂಡು ಹೊಲಕ್ಕೆ ಹೋಗುವುದು ಉತ್ತರ ಕರ್ನಾಟಕದ ದಿನನಿತ್ಯದ ನೋಟ. ಟ್ರ್ಯಾಕ್ಟರಿನ ಮೇಲೆಯೇ ಕಟ್ಟಿದ ಹಾಡುಗಳಿಗೂ ಬರವಿಲ್ಲ.

ಹಾಡುವವರ ಹಕ್ಕಿನ ಮಾತು ಈ ನೆಲಕ್ಕೆ ಹೊಸದಲ್ಲ. ಎಂಟನೆಯ ಶತಮಾನದಲ್ಲಿ ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಪಟ್ಟದಕಲ್ಲಿನಲ್ಲಿ ಕಟ್ಟಿಸಿದ ಗುಡಿಯೇ ಇಂದಿನ ವಿರೂಪಾಕ್ಷ ದೇವಾಲಯ. ಹಿಂದೆ ವಿಜಯಾದಿತ್ಯ ಗಾಯಕರಿಗೆ ಮಾಡಿಕೊಟ್ಟಿದ್ದ ದತ್ತಿ ಕಟ್ಟಳೆಗಳನ್ನು ರಾಣಿ ಮತ್ತೆ ಊರ್ಜಿತಗೊಳಿಸಿದಳೆಂದು ಅಲ್ಲಿನ ಶಾಸನವೊಂದು ಹೇಳುತ್ತದೆ. ಅರಸು ಬದಲಾದರೂ ಹಾಡುವವರ ಪಾಲು ಮುಂದುವರಿಯಬೇಕು ಎಂಬುದು ಆ ಕಲ್ಲಿನ ತಾತ್ಪರ್ಯ. ಈಗಿನ ಸ್ಟ್ರೀಮಿಂಗ್ ಕಂಪನಿಗಳ ಒಪ್ಪಂದಗಳಲ್ಲಿ ಹುಡುಕಿದರೂ ಇಷ್ಟು ನೇರವಾದ ಮಾತು ಸಿಗುವುದು ಕಷ್ಟ.

ಜಿಲ್ಲೆಯ ಹಾಡುಗಾರಿಕೆಯಲ್ಲಿ ಹಲವು ಪದರಗಳಿವೆ: ಗೊಂದಲಿಗರ ಕಥನ, ಚೌಡಕಿ ಪದ, ಗೀಗೀ ಮೇಳ, ಡೊಳ್ಳಿನ ಹಾಡು, ಭಜನೆ, ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಸೇರಿಹೋದ ಶ್ರೀಕೃಷ್ಣ ಪಾರಿಜಾತವೆಂಬ ಬಯಲಾಟ. ಬಾಗಲಕೋಟೆಯ ಗೊಂದಲಿ ಹಾಡುಗಾರ ವೆಂಕಪ್ಪ ಅಂಬಾಜಿ ಸುಗಟೇಕರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಸಾವಿರಕ್ಕೂ ಹೆಚ್ಚು ಹಾಡು ಬಲ್ಲವರು, ದುಡ್ಡು ತೆಗೆದುಕೊಳ್ಳದೆ ಕಲಿಸಿದವರು ಎಂಬುದು ಅವರ ಖ್ಯಾತಿ. ಗೊಂದಲ ಹಾಕುವುದೆಂದರೆ ದೇವಿಯ ಮುಂದೆ ರಾತ್ರಿಯಿಡೀ ಕಥೆ ಹೇಳುವುದು. ಸಂಬಾಳ ವಾದ್ಯದ ಪೆಟ್ಟು ಕಥೆಗೆ ತಕ್ಕಂತೆ ಏರಿಳಿಯುತ್ತದೆ, ಕೇಳುವವರ ನಿದ್ದೆಗೆ ತಕ್ಕಂತೆಯೂ.

ಇನ್ನೊಂದು ಪದರ ವೃತ್ತಿ ನಾಟಕದ್ದು. ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆ ಬನದ ಹುಣ್ಣಿಮೆಗೆ ತೊಡಗಿ ವಾರಗಟ್ಟಲೆ ನಡೆಯುತ್ತದೆ. ಆಗ ಅಲ್ಲಿ ಹಲವು ನಾಟಕ ಕಂಪನಿಗಳು ಟೆಂಟ್ ಹಾಕುತ್ತವೆ. ಪೇಟಿ, ತಬಲಾ ನುಡಿಸುವವರಿಗೆ ಅದು ವರ್ಷದ ದೊಡ್ಡ ದುಡಿಮೆಯ ಕಾಲ. ಈ ವಾದಕರ ಪರಂಪರೆಯ ಬೇರನ್ನು ಮಲಪ್ರಭೆಯ ದಡದ ಶಿವಯೋಗಮಂದಿರದಲ್ಲಿ ಕಾಣಬಹುದು. 1909ರಲ್ಲಿ ಅದನ್ನು ಸ್ಥಾಪಿಸಿದ ಹಾನಗಲ್ಲ ಕುಮಾರಸ್ವಾಮಿಗಳು ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳಿಗೆ ಸಂಗೀತ ಕಲಿಸಲು ಏರ್ಪಾಡು ಮಾಡಿದರು. ಪಂಚಾಕ್ಷರಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಬೆಳೆಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದಿಂದ ಹೊರಬಿದ್ದ ವಾದಕರು ಉತ್ತರ ಕರ್ನಾಟಕದ ಊರೂರಿನಲ್ಲಿದ್ದಾರೆ. ಆಶ್ರಮದ ಅನ್ನದ ಖರ್ಚಿಗೆ ಪುಟ್ಟರಾಜರು ನಾಟಕ ಕಂಪನಿಯನ್ನೇ ನಡೆಸಿದರು. ಅಂಧರಿಗೆ ಸಂಗೀತವನ್ನು ಕಸುಬಾಗಿ ಕೊಟ್ಟ ಈ ವ್ಯವಸ್ಥೆಯ ಆಧಾರವೆಂದರೆ ನಾಟಕಕ್ಕೆ, ಪುರಾಣಕ್ಕೆ, ಭಜನೆಗೆ ಕೈಯಿಂದ ನುಡಿಸುವವರು ಬೇಕೇಬೇಕು ಎಂಬ ಸ್ಥಿತಿ. ಎಐಯ ಪರಿಣಾಮ ಅಳೆಯುವಾಗ ಕಣ್ಣಿಡಬೇಕಾದ ಜಾಗ ಇದು ಎಂದು ಈ ಲೇಖಕನಿಗೆ ಅನ್ನಿಸುತ್ತದೆ.

ಯಂತ್ರ ಬಂದು ಹಾಡುಗಾರರ ಬದುಕು ಬದಲಿಸಿದ್ದು ಇದೇ ಮೊದಲಲ್ಲ. ಬೀಳಗಿಯಲ್ಲಿ ಹುಟ್ಟಿದ ಅಮೀರಬಾಯಿ ಕರ್ನಾಟಕಿ ಗ್ರಾಮಫೋನ್ ಮತ್ತು ಚಿತ್ರಗಳ ಮೂಲಕ ಮುಂಬಯಿ ಸೇರಿ ‘ಕಿಸ್ಮತ್’ (1943), ‘ರತನ್’ (1944) ಚಿತ್ರಗಳ ಹಾಡುಗಳಿಂದ ದೇಶಕ್ಕೆ ಪರಿಚಿತರಾದರು. ಅವರ ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ನಟಿಸಿದರು. ಅಮೀರಬಾಯಿ ತೀರಿಕೊಂಡದ್ದು 1965ರಲ್ಲಿ. ಹಾಡಿದವರಿಗೆ ತಮ್ಮ ಗಾಯನದ ಮೇಲೆ ಹಕ್ಕುಂಟೆಂದು ಭಾರತದ ಕಾನೂನು ಒಪ್ಪಿದ್ದು 1994ರಲ್ಲಿ. ರಹಮತ್ ತರೀಕೆರೆ ಕನ್ನಡದಲ್ಲಿ ಪುಸ್ತಕ ಬರೆಯದಿದ್ದರೆ ಅಮೀರಬಾಯಿಯವರ ಬೀಳಗಿಯ ಗುರುತು ಎಷ್ಟು ಜನಕ್ಕೆ ನೆನಪಿರುತ್ತಿತ್ತೋ!

ಹಾಡಿನೊಳಗಿನ ಹೆಸರು

ಇಲ್ಲಿನ ಹಾಡುಗಳಿಗೆ ಒಂದು ಕಟ್ಟು ಇದೆ. ಲಾವಣಿಯಾಗಲಿ, ಭಜನಾ ಪದವಾಗಲಿ, ಇವತ್ತಿನ ಯೂಟ್ಯೂಬ್ ಜನಪದವಾಗಲಿ, ಕೊನೆಯ ನುಡಿಯಲ್ಲಿ ಊರಿನ ಹೆಸರು, ಬರೆದವನ ಹೆಸರು, ಎಷ್ಟೋ ಸಲ ಹಾಡಿದವನ ಹೆಸರೂ ಬರುತ್ತದೆ. ಇದೇ ಅಂಕಿತ. ಕನ್ನಡದ ಅತಿ ಪ್ರಸಿದ್ಧ ಅಂಕಿತಕ್ಕೆ, ಬಸವಣ್ಣನ ‘ಕೂಡಲಸಂಗಮದೇವ’ಕ್ಕೆ, ಹೆಸರು ಕೊಟ್ಟ ಕೂಡಲಸಂಗಮ ಇರುವುದೂ ಹುನಗುಂದ ಸೀಮೆಯಲ್ಲೇ. ಆ ಅಂಕಿತವನ್ನು ಮುಟ್ಟಿದರೆ ಏನಾಗುತ್ತದೆಂಬುದಕ್ಕೆ ನಮ್ಮ ಕಾಲದ ಉದಾಹರಣೆ ಇದೆ. ಬಸವ ಧರ್ಮ ಪೀಠದ ಮಾತೆ ಮಹಾದೇವಿಯವರು ‘ವಚನ ದೀಪ್ತಿ’ ಪುಸ್ತಕದಲ್ಲಿ ಬಸವಣ್ಣನ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿದಾಗ ರಾಜ್ಯ ಸರಕಾರ 1998ರಲ್ಲಿ ಪುಸ್ತಕವನ್ನು ಮುಟ್ಟುಗೋಲು ಹಾಕಿತು. 2017ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿಯಿತು.

ಬಾಯಿಂದ ಬಾಯಿಗೆ ಹೋಗುವ ಹಾಡಿಗೆ ಅಂಕಿತವೇ ನೋಂದಣಿ ಪತ್ರ. ರಾಗ ಕದಿಯಬಹುದು, ಕೊನೆಯ ನುಡಿ ಹಾಡುವಾಗ ಕದ್ದವರು ಸಿಕ್ಕಿಬೀಳುತ್ತಾರೆ. ಈ ರಕ್ಷೆ ಇಲ್ಲದಿದ್ದದ್ದು ಹೆಂಗಸರ ಹಾಡುಗಳಿಗೆ. ಬೀಸುವ, ಕುಟ್ಟುವ ಹಾಡುಗಳಲ್ಲಿ ಹೆಸರಿಲ್ಲ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಸಂಗ್ರಾಹಕರ ಹೆಸರು ಉಳಿಯಿತು, ಹೇಳಿಕೊಟ್ಟ ತಾಯಂದಿರದು ಉಳಿಯಲಿಲ್ಲ. ಸಂಗ್ರಹ ಮಾಡಿದವರ ಪ್ರೀತಿಯಲ್ಲಿ ಅನುಮಾನವಿಲ್ಲ, ಅವರಿಲ್ಲದಿದ್ದರೆ ಹಾಡುಗಳೇ ಇರುತ್ತಿರಲಿಲ್ಲ. ಆದರೂ ಹೆಸರಿಲ್ಲದ ದನಿಯಿಂದ ಸರಕು ತೆಗೆದು ಇನ್ನೊಂದು ಹೆಸರಿನಲ್ಲಿ ಹಂಚುವ ರೂಢಿಗೆ ಸುಮಾರು ನೂರು ವರ್ಷದ ಇತಿಹಾಸವಿದೆ. ಎಐಯ ತರಬೇತಿ ಆ ರೂಢಿಯನ್ನು ಅಳತೆ ಮೀರಿ ಹಿಗ್ಗಿಸಿದೆ, ಪ್ರೀತಿಯನ್ನು ಬಿಟ್ಟು.

ಕ್ಯಾಸೆಟ್ಟಿನಿಂದ ಆ್ಯಪ್‌ಗೆ

1980–90ರ ದಶಕಗಳಲ್ಲಿ ಗುರುರಾಜ ಹೊಸಕೋಟೆಯವರ ಜನಪದ ಕ್ಯಾಸೆಟ್ಟುಗಳು ಬಸ್‌ಸ್ಟ್ಯಾಂಡಿನ ಪ್ರತಿ ಅಂಗಡಿಯಲ್ಲೂ ಇದ್ದವು. ಆಮೇಲೆ ಸಿಡಿ, ಅದರ ಬೆನ್ನಿಗೇ ಮೊಬೈಲ್ ಅಂಗಡಿಯಲ್ಲಿ ಹತ್ತಿಪ್ಪತ್ತು ರೂಪಾಯಿ ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವ ಕಾಲ. ಅದರಲ್ಲಿ ಹಾಡಿದವರಿಗೆ ಒಂದು ಪೈಸೆಯೂ ಬರುತ್ತಿರಲಿಲ್ಲ, ಹೆಸರು ಮಾತ್ರ ಹರಡುತ್ತಿತ್ತು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಮೆಮೊರಿ ಕಾರ್ಡಿನ ವ್ಯಾಪಾರ ಕರಗಿತು. 2018ರಲ್ಲಿ ಸಾವನ್ ಜಿಯೋ ಜೊತೆ ಸೇರಿತು, 2019ರ ಫೆಬ್ರವರಿಯಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು. ಅಷ್ಟರಲ್ಲಿ ಹಳ್ಳಿಯ ಹುಡುಗರು ಯೂಟ್ಯೂಬ್ ಚಾನೆಲ್ಲುಗಳನ್ನು ಹಿಡಿದಾಗಿತ್ತು. ಮಾಳು ನಿಪನಾಳ, ಬಾಳು ಬೆಳಗುಂದಿ ಹೀಗೆ ಬೆಳೆದವರು. ಬಾಳು ಜೀ ಕನ್ನಡದ ಸರಿಗಮಪ ವೇದಿಕೆಗೆ, ಮಾಳು 2025ರ ಕನ್ನಡ ಬಿಗ್ ಬಾಸ್ ಮನೆಗೆ ಹೋದರು. ಹೆಸರಿನ ಜೊತೆ ಊರು ಅಂಟಿಕೊಂಡೇ ಇದೆ.

ದುಡ್ಡಿನ ಲೆಕ್ಕ ಹೀಗೆ. ಸ್ಪಾಟಿಫೈನಂಥ ಕಂಪನಿ ತಿಂಗಳ ಆದಾಯದ ಸುಮಾರು ಮೂರನೇ ಎರಡು ಪಾಲನ್ನು ಹಕ್ಕುದಾರರಿಗೆ ಕೊಡುತ್ತದೆ. ಆ ಪಾಲನ್ನು ಒಟ್ಟು ಕೇಳಿಕೆಯಿಂದ ಭಾಗಿಸಿ ಹಂಚುತ್ತಾರೆ, ಒಂದು ಹಾಡಿಗೆ ಇಷ್ಟು ಎಂಬ ನಿಗದಿತ ದರ ಇಲ್ಲ. ಆದಾಯ ಅಷ್ಟೇ ಇದ್ದರೆ, ಒಟ್ಟು ಕೇಳಿಕೆ ಹೆಚ್ಚಿದಷ್ಟೂ ಪ್ರತಿ ಕೇಳಿಕೆಯ ಬೆಲೆ ಕುಗ್ಗುತ್ತದೆ. ಹಾಗಾಗಿ ಯಂತ್ರ ಕಟ್ಟಿದ ಹಾಡು ನಿಮ್ಮ ಹಾಡನ್ನು ನಕಲು ಮಾಡದಿದ್ದರೂ ಪರವಾಗಿಲ್ಲ, ಅದೇ ಗಂಟಿನಲ್ಲಿ ಕೈಯಿಟ್ಟರೆ ಸಾಕು, ನಿಮ್ಮ ಪಾಲು ಇಳಿಯುತ್ತದೆ. 2024ರಿಂದ ಸ್ಪಾಟಿಫೈಯಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ ಸಾವಿರ ಕೇಳಿಕೆ ದಾಟದ ಹಾಡಿಗೆ ಏನೂ ಇಲ್ಲ. ಭಾರತದ ಕೇಳುಗರಲ್ಲಿ ದುಡ್ಡು ಕಟ್ಟುವವರು ಬಹಳ ಕಡಿಮೆ. ಫಿಕ್ಕಿ–ಇವೈ ವರದಿಯ ಪ್ರಕಾರ 2024ರಲ್ಲಿ ದೇಶದ ಸಂಗೀತ ಉದ್ಯಮದ ಆದಾಯ ಶೇ 2ರಷ್ಟು ಇಳಿದು ಸುಮಾರು 5,300 ಕೋಟಿ ರೂಪಾಯಿಯಾಯಿತು. ವಿಂಕ್, ರೆಸ್ಸೋ ಎಂಬ ಸಂಗೀತದ ಆ್ಯಪ್‌ಗಳು ಅದೇ ವರ್ಷ ಬಾಗಿಲು ಹಾಕಿದವು.

ಸ್ಪಾಟಿಫೈಯಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಒಂದು ಕೇಳಿಕೆ. ಎರಡು ನಿಮಿಷದ ಹಾಡಿಗೂ ಒಂದು, ಗಂಟೆಯ ಕಥನಕ್ಕೂ ಒಂದು. ಗೊಂದಲಿಗರ ರಾತ್ರಿಯ ಕಥೆ ಈ ಲೆಕ್ಕದಲ್ಲಿ ತೀರಾ ನಷ್ಟದ ಬಾಬತ್ತು. ಅದನ್ನು ತುಂಡುಮಾಡಿ ಹಾಕಿದರೆ ದುಡ್ಡು ಬಂದೀತು, ಕಥೆ ಹೋದೀತು. ಟ್ರ್ಯಾಕ್ಟರಿನ ಮೊಬೈಲಿನಲ್ಲಿ ಹತ್ತು ಆಳು ಕೇಳಿದರೂ ಒಂದೇ ಕೇಳಿಕೆ. ಜಾತ್ರೆಯ ಧ್ವನಿವರ್ಧಕದಲ್ಲಿ ಸಾವಿರ ಜನ ಕೇಳಿದರೂ ಅಷ್ಟೇ.

ಶಿಫಾರಸು ಮಾಡುವ ಯಂತ್ರ

ಮುಂದಿನ ಹಾಡನ್ನು ಆರಿಸುವ ವಿದ್ಯೆ ಹಳೆಯದು. ಸ್ಪಾಟಿಫೈ 2014ರಲ್ಲಿ ಎಕೋ ನೆಸ್ಟ್ ಎಂಬ ಕಂಪನಿಯನ್ನು ಕೊಂಡು, 2015ರಲ್ಲಿ ವಾರಕ್ಕೊಮ್ಮೆ ಪ್ರತಿ ಕೇಳುಗನಿಗೂ ಬೇರೆ ಬೇರೆ ಪಟ್ಟಿ ಕೊಡತೊಡಗಿತು. ಇದನ್ನು ಕೇಳಿದವರು ಇನ್ನೇನು ಕೇಳಿದರು ಎಂಬುದು ಒಂದು ಆಧಾರ, ಹಾಡಿನ ಲಯ, ದನಿ, ಸ್ವರದ ಗುಣ ಇನ್ನೊಂದು, ಹಾಡಿನ ಬಗ್ಗೆ ಬರೆದ ಮಾತು ಮತ್ತೊಂದು. ಮೂರರಲ್ಲೂ ಈ ಸೀಮೆಯ ಹಾಡು ಹಿಂದೆ ಬೀಳುತ್ತದೆ. ಒಬ್ಬನೇ ಗಾಯಕನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಬಗೆಯಾಗಿ ಬರೆದಿರುತ್ತದೆ, ಯಂತ್ರಕ್ಕೆ ಅವರು ನಾಲ್ಕು ಜನ. ಸಾಹಿತ್ಯ ಬರೆದವರ ಹೆಸರು ಹಾಕುವ ಜಾಗದಲ್ಲಿ ಚಾನೆಲ್ಲಿನ ಹೆಸರಿರುತ್ತದೆ. ಚೌಡಕಿ ಪದ, ಭಜನಾ ಪದ, ಪ್ರೇಮದ ಹಾಡು ಎಲ್ಲ ‘ಜನಪದ’ ಎಂಬ ಒಂದೇ ಚೀಲದಲ್ಲಿ. ಪಾರಿಜಾತ ಕೇಳಿದವನಿಗೆ ಡಿಜೆ ಹಾಡು ಬಂದರೆ ಆಶ್ಚರ್ಯವಿಲ್ಲ.

ಯಂತ್ರಕ್ಕೆ ಇಷ್ಟವಾಗುವ ಹಾಗೆ ಹಾಡು ಬದಲಾಗುವುದು ಇನ್ನೊಂದು ಪರಿಣಾಮ. ಪಲ್ಲವಿ ಮೊದಲ ಹತ್ತು ಸೆಕೆಂಡಿನಲ್ಲೇ ಬರಬೇಕು, ಆಲಾಪ ಬೇಡ, ರೀಲ್ಸ್‌ಗೆ ಕತ್ತರಿಸಲು ಒಂದು ತುಣುಕು ಇರಬೇಕು. ಹೆಸರಿರುವ ಕೊನೆಯ ನುಡಿಯವರೆಗೆ ಕೇಳುಗ ಇರುವುದೇ ಇಲ್ಲ.

ಯೂಟ್ಯೂಬಿನ ಕಂಟೆಂಟ್ ಐಡಿ ಎಂಬ ಗುರುತು ಹಿಡಿಯುವ ವ್ಯವಸ್ಥೆ ಇನ್ನೊಂದು ತರದ ತೊಡಕು ತರುತ್ತದೆ. ಸಾಂಪ್ರದಾಯಿಕ ಮಟ್ಟೊಂದನ್ನು ಕಂಪನಿಯೊಂದು ಮುದ್ರಿಸಿ ಮೊದಲು ನೋಂದಾಯಿಸಿದರೆ, ಅದೇ ಮಟ್ಟನ್ನು ಅಜ್ಜನಿಂದ ಕಲಿತು ಹಾಡಿದವರ ವಿಡಿಯೊಗೆ ಹಕ್ಕಿನ ದೂರು ಬೀಳಬಹುದು. ಯಾರದೂ ಅಲ್ಲದ ರಾಗಕ್ಕೆ ಒಡೆಯ ಹುಟ್ಟಿಕೊಳ್ಳುತ್ತಾನೆ.

ಟ್ರ್ಯಾಕು ಮತ್ತು ದನಿ

ನಾಟಕ ಕಂಪನಿಯ ಕಾಲುಪೆಟ್ಟಿಗೆಯ ಜಾಗಕ್ಕೆ ಕೀಬೋರ್ಡ್ ಬಂದಾಗ ಒಂದಿಬ್ಬರ ಕೆಲಸ ಹೋಯಿತು. ರಿದಂ ಪ್ಯಾಡ್ ಬಂದಾಗ ಢೋಲಕ್ಕು, ತಬಲಾದವರದು. ರಸಮಂಜರಿಗಳಲ್ಲಿ ಕರೋಕೆ ಟ್ರ್ಯಾಕು ಬಂದಾಗ ಕೀಬೋರ್ಡ್, ಪ್ಯಾಡಿನವರದು. ಎಐ ಈ ಸಾಲಿನ ಮುಂದಿನ ಹೆಜ್ಜೆ. ಹಾಡಿನಿಂದ ದನಿಯನ್ನು ಬೇರ್ಪಡಿಸುವ ಸ್ಪ್ಲೀಟರ್ ಎಂಬ ಉಪಕರಣವನ್ನು ಡೀಜರ್ ಎಂಬ ಸ್ಟ್ರೀಮಿಂಗ್ ಕಂಪನಿ 2019ರಲ್ಲಿ ಪುಕ್ಕಟೆ ಕೊಟ್ಟಿತು. ಅದಾದ ಮೇಲೆ ಯಾವ ಹಾಡಿನ ಕರೋಕೆಯನ್ನಾದರೂ ಮೊಬೈಲಿನಲ್ಲೇ ತೆಗೆಯಬಹುದಾಗಿದೆ. ಮೊದಲು ಸ್ಟುಡಿಯೋಕ್ಕೆ ಹೋಗಿ ಟ್ರ್ಯಾಕು ಮಾಡಿಸಿದರೆ ನಾಲ್ಕು ಜನಕ್ಕೆ ಕೂಲಿ ಸಿಗುತ್ತಿತ್ತು. ಈಗ ಹಳೆಯ ಹಾಡಿನ ವಾದ್ಯದ ಮೇಲೆ ಹೊಸ ಮಾತು ಕೂರಿಸಿ ಬಿಡುವುದು ಸುಲಭ. ನುಡಿಸಿದವನಿಗೆ ಮೊದಲ ಸಲ ಸಿಕ್ಕ ಸಂಬಳವೇ ಕೊನೆಯದು.

ಇದೇ ವಿದ್ಯೆಗೆ ಒಳ್ಳೆಯ ಮುಖವೂ ಇದೆ. ಜಾನ್ ಲೆನನ್‌ನ ಹಳೆಯ ಕ್ಯಾಸೆಟ್ಟಿನಿಂದ ದನಿ ಬಿಡಿಸಿ ಬೀಟಲ್ಸ್ 2023ರಲ್ಲಿ ಹಾಡು ಹೊರತಂದರು, ಅದಕ್ಕೆ 2025ರಲ್ಲಿ ಗ್ರ್ಯಾಮಿ ಬಂತು. ನಮ್ಮಲ್ಲಿ ಮನೆಮನೆಯ ಟ್ರಂಕಿನಲ್ಲಿ ಬೂಸಲು ಹಿಡಿಯುತ್ತಿರುವ ಭಜನೆ, ಪಾರಿಜಾತ, ಗೀಗೀ ಕ್ಯಾಸೆಟ್ಟುಗಳನ್ನು ಹೀಗೆ ಶುದ್ಧಮಾಡಿ ಉಳಿಸಿಕೊಳ್ಳಬಹುದು. ಬರೆಯಬಲ್ಲ, ಆದರೆ ಸ್ಟುಡಿಯೋಕ್ಕೆ ದುಡ್ಡಿಲ್ಲದ ಹುಡುಗನಿಗೆ ಹಾಡಿನ ಕಚ್ಚಾ ರೂಪ ಕೇಳಿಸಿಕೊಳ್ಳಲು ಎಐ ನೆರವಾಗುವುದೂ ನಿಜ.

ದನಿಯ ನಕಲು ಬೇರೆ ಮಾತು. ತಮಿಳಿನ ‘ಲಾಲ್ ಸಲಾಂ’ (2024) ಚಿತ್ರಕ್ಕೆ ಎ.ಆರ್. ರೆಹಮಾನ್ ತೀರಿಹೋದ ಬಂಬಾ ಬಾಕ್ಯಾ, ಶಾಹುಲ್ ಹಮೀದ್ ಅವರ ದನಿಗಳನ್ನು ಎಐಯಿಂದ ಮರಳಿ ತಂದರು. ಕುಟುಂಬಗಳ ಒಪ್ಪಿಗೆ ಪಡೆದು ಹಣ ಕೊಟ್ಟದ್ದಾಗಿ ತಿಳಿಸಿದರು. ಅದೇ ಹೊತ್ತಿಗೆ, ‘ಕೀಡಾ ಕೋಲಾ’ ಎಂಬ ತೆಲುಗು ಚಿತ್ರ ಎಸ್.ಪಿ. ಬಾಲಸುಬ್ರಹ್ಮಣ್ಯಂ ದನಿಯನ್ನು ಒಪ್ಪಿಗೆಯಿಲ್ಲದೆ ಹೀಗೆ ಬಳಸಿದೆ ಎಂದು ಅವರ ಮಗ ಚರಣ್ ನೋಟಿಸು ಕಳಿಸಿದರು. ಕನ್ನಡದ ಕಿವಿಗೆ ಎಸ್‌ಪಿಬಿ ಎಷ್ಟು ಹತ್ತಿರವೋ ಅವರ ದನಿಯ ನಕಲಿಗೂ ಅಷ್ಟೇ ಬೇಡಿಕೆ. ಅವರದೂ ಪುನೀತ್ ರಾಜಕುಮಾರ್ ಅವರದೂ ಎಂದು ಹೇಳಿಕೊಳ್ಳುವ ಎಐ ಹಾಡುಗಳು ಯೂಟ್ಯೂಬಿನಲ್ಲಿ ಹರಿದಾಡುತ್ತಿವೆ. ಅಭಿಮಾನದಿಂದ ಮಾಡಿದ್ದು ಎಂಬುದು ಸಮಜಾಯಿಷಿ. ಅಭಿಮಾನಕ್ಕೆ ಜಾಹೀರಾತಿನ ಆದಾಯ ಬರುತ್ತಿದೆ ಎಂಬುದನ್ನು ಮರೆಯಬಾರದು.

ಹಾಡು ಕಟ್ಟುವ ಯಂತ್ರ

ಸುನೋ, ಉಡಿಯೋ ಎಂಬ ಅಮೆರಿಕದ ಕಂಪನಿಗಳು 2023–24ರಲ್ಲಿ ಪೂರ್ಣ ಹಾಡು ಕೊಡುವ ಸೇವೆ ತೆರೆದವು. ತಮ್ಮ ಹಾಡುಗಳಿಂದ ಅನುಮತಿಯಿಲ್ಲದೆ ಯಂತ್ರಕ್ಕೆ ಕಲಿಸಿದ್ದಾರೆಂದು ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ದೊಡ್ಡ ಸಂಗೀತ ಕಂಪನಿಗಳು 2024ರ ಜೂನ್‌ನಲ್ಲಿ ಎರಡರ ಮೇಲೂ ದಾವೆ ಹೂಡಿದವು. 2025ರ ಅಕ್ಟೋಬರ್‌ನಲ್ಲಿ ಯೂನಿವರ್ಸಲ್ ಉಡಿಯೋ ಜೊತೆ, ನವೆಂಬರ್‌ನಲ್ಲಿ ವಾರ್ನರ್ ಸುನೋ ಜೊತೆ ರಾಜಿ ಮಾಡಿಕೊಂಡು ಲೈಸೆನ್ಸು ಕೊಟ್ಟವು. ಕಂಪನಿ ಕಂಪನಿ ಒಂದಾದವು. ಅದರಲ್ಲಿ ವಾದಕನ ಪಾಲು ಎಷ್ಟೆಂಬುದು ಅವನ ಒಪ್ಪಂದದಲ್ಲಿ ಏನಿದೆಯೋ ಅದರ ಮೇಲೆ ನಿಂತಿದೆ.

ಪ್ರಮಾಣ ತಿಳಿಯಲು ಫ್ರಾನ್ಸಿನ ಡೀಜರ್ ಕೊಟ್ಟ ಲೆಕ್ಕ ಉಪಯುಕ್ತ. 2025ರ ಜನವರಿಯಲ್ಲಿ ದಿನಕ್ಕೆ ಸುಮಾರು 10,000 ಪೂರ್ಣ ಎಐ ಹಾಡುಗಳು ಅಲ್ಲಿಗೆ ಬರುತ್ತಿದ್ದವು. ನವೆಂಬರ್ ಹೊತ್ತಿಗೆ 50,000, ಅಂದರೆ ದಿನದ ಹೊಸ ಹಾಡುಗಳಲ್ಲಿ ಮೂರನೇ ಒಂದು ಭಾಗ. ಕೇಳಿಕೆಯಲ್ಲಿ ಅವುಗಳ ಪಾಲು ಮಾತ್ರ ಶೇ 0.5ರ ಆಸುಪಾಸು, ಅದರಲ್ಲೂ ಬಹುಪಾಲು ಸುಳ್ಳು ಕೇಳಿಕೆ ಎಂದು ಕಂಪನಿ ಹೇಳಿತು. ಹಾಗಾದರೆ ಕೇಳದ ಹಾಡನ್ನು ಯಾಕೆ ಸುರಿಯುತ್ತಾರೆ? ಉತ್ತರ 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ದಾಖಲಾದ ಮೈಕಲ್ ಸ್ಮಿತ್ ಪ್ರಕರಣದಲ್ಲಿದೆ: ಎಐಯಿಂದ ಲಕ್ಷಗಟ್ಟಲೆ ಹಾಡು ಮಾಡಿಸಿ, ಬಾಟ್‌ಗಳಿಂದ ಕೇಳಿಸಿ, ಒಂದು ಕೋಟಿ ಡಾಲರಿಗೂ ಹೆಚ್ಚು ರಾಯಧನ ಹೊಡೆದರೆಂಬುದು ಆರೋಪ. ಹಾಡಿದವರೂ ಇಲ್ಲ, ಕೇಳಿದವರೂ ಇಲ್ಲ, ಹಣ ಮಾತ್ರ ನಿಜವಾದ ಹಾಡುಗಾರರ ಗಂಟಿನಿಂದ ಹೋಯಿತು. ಸ್ಪಾಟಿಫೈ 2025ರಲ್ಲಿ ಹಿಂದಿನ ಒಂದು ವರ್ಷದಲ್ಲಿ 7.5 ಕೋಟಿ ಕಸದ ಹಾಡುಗಳನ್ನು ತೆಗೆದುಹಾಕಿದ್ದಾಗಿ ಪ್ರಕಟಿಸಿತು. ಲೇಖಕರ, ಸಂಗೀತಗಾರರ ಸಂಘಗಳ ಜಾಗತಿಕ ಒಕ್ಕೂಟವಾದ ಸಿಸಾಕ್ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಅಂದಾಜಿನಲ್ಲಿ, 2028ರ ಹೊತ್ತಿಗೆ ಸಂಗೀತ ರಚಿಸುವವರ ಆದಾಯದ ಶೇ 24ರಷ್ಟು ಅಪಾಯದಲ್ಲಿದೆ.

ಕನ್ನಡದಲ್ಲಿ ಇದರ ಎದ್ದುಕಾಣುವ ಪ್ರಯೋಗ ‘ಲವ್ ಯೂ’ (2025). ಬೆಂಗಳೂರಿನ ಬಾಗಲಗುಂಟೆಯ ಅರ್ಚಕ ಎಸ್. ನರಸಿಂಹಮೂರ್ತಿ ನಿರ್ದೇಶಿಸಿದ ಈ ಚಿತ್ರದ ದೃಶ್ಯ, ಮಾತು, ಹನ್ನೆರಡು ಹಾಡು ಎಲ್ಲ ಎಐಯಿಂದ ಬಂದವು. ಖರ್ಚು ಸುಮಾರು ಹತ್ತು ಲಕ್ಷ. ಚಿತ್ರವಾಗಿ ಅದು ಗೆದ್ದಿತೆನ್ನುವಂತಿಲ್ಲ. ಸೆನ್ಸಾರ್ ಪ್ರಮಾಣಪತ್ರ ಪಡೆದು ತೆರೆಗೆ ಬಂತು ಎಂಬುದೇ ಅದರ ಮಹತ್ವ. ಹತ್ತು ಲಕ್ಷದೊಳಗೆ ಹನ್ನೆರಡು ಹಾಡೂ ಬರುವುದಾದರೆ ಸಣ್ಣ ನಿರ್ಮಾಪಕ ವಾದ್ಯಗೋಷ್ಠಿಗೆ ದುಡ್ಡು ತೆಗೆದಿಡುವುದಿಲ್ಲ.

ಯಂತ್ರಕ್ಕೆ ಈ ಸೀಮೆಯ ಹಾಡು ಬರುತ್ತದೆಯೇ? ಚಿತ್ರಗೀತೆಯ ಕನ್ನಡ ಬರುತ್ತದೆ, ಹುನಗುಂದದ ಬಾಯಿಯ ಕನ್ನಡ ಇನ್ನೂ ಕಷ್ಟ. ದೀರ್ಘ, ಒತ್ತು, ಪದದ ಕೊನೆ ನುಂಗುವ ರೀತಿ ತಪ್ಪುತ್ತವೆ. ಗೀಗೀ ಪದದಲ್ಲಿ ಮುಂದಿನವನ ಸಾಲನ್ನು ಹಿಮ್ಮೇಳ ಎತ್ತಿಕೊಳ್ಳುವ ಕ್ಷಣದ ನೂಕುನುಗ್ಗಲು ಅದರ ಸಮತಟ್ಟಾದ ತಾಳಕ್ಕೆ ಒಗ್ಗಿಲ್ಲ. ಇದನ್ನೇ ರಕ್ಷೆ ಎಂದು ನಂಬುವುದು ಮೂರ್ಖತನ. ಕಲಿಸುವ ಸಾಮಗ್ರಿ ಹೆಚ್ಚಿದಂತೆ ತಪ್ಪು ಕಡಿಮೆಯಾಗುತ್ತದೆ, ಸಾಮಗ್ರಿಯನ್ನು ನಾವೇ ದಿನವೂ ಯೂಟ್ಯೂಬಿಗೆ ಏರಿಸುತ್ತಿದ್ದೇವೆ. ವಚನ, ತತ್ವಪದ, ದಾಸರ ಪದಗಳಿಗೆ ಹಕ್ಕುಸ್ವಾಮ್ಯದ ಅಡ್ಡಿಯೂ ಇಲ್ಲ. ಹಾಗಾಗಿ ಮೊದಲು ತುಂಬುವುದು ಭಕ್ತಿಗೀತೆಯ ಓಣಿ, ಭಜನೆ ಹಾಡಿ ಬದುಕುವವರ ಓಣಿಯೂ ಅದೇ.

ಕಾನೂನು

ಗಾಯಕ ಅರಿಜಿತ್ ಸಿಂಗ್ ಅವರ ದನಿಯನ್ನು ನಕಲು ಮಾಡುವ ಎಐ ಸೇವೆಗಳ ವಿರುದ್ಧ ಬಾಂಬೆ ಹೈಕೋರ್ಟ್ 2024ರ ಜುಲೈಯಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ದನಿ, ಹಾಡುವ ಶೈಲಿ ವ್ಯಕ್ತಿತ್ವದ ಹಕ್ಕಿನ ಭಾಗ ಎಂದು ಒಪ್ಪಿತು. 2025ರಲ್ಲಿ ಆಶಾ ಭೋಸ್ಲೆ ಅಲ್ಲೇ, ಕುಮಾರ್ ಸಾನು ದೆಹಲಿ ಹೈಕೋರ್ಟಿನಲ್ಲಿ ಇಂಥದೇ ರಕ್ಷಣೆ ಪಡೆದರು. ಆದರೆ ದನಿಯ ಹಕ್ಕನ್ನು ಹೇಳುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. ಈವರೆಗೆ ಸಿಕ್ಕಿದ್ದು ಹೆಸರುವಾಸಿಗಳ ಹೆಸರಿನ ಬಲದಿಂದ. ಬಾಗಲಕೋಟೆ ಜಿಲ್ಲೆಯ ಹಾಡುಗಾರ್ತಿ ಇದೇ ಪರಿಹಾರ ಬೇಡಬೇಕಾದರೆ ಕೋರ್ಟಿಗೆ ಹೋಗಬೇಕು, ತನ್ನ ದನಿ ಜನಕ್ಕೆ ಗುರುತಿದೆ ಎಂದು ತೋರಿಸಬೇಕು, ವಕೀಲರ ಫೀಸು ಹೊಂದಿಸಬೇಕು.

ಯಂತ್ರಕ್ಕೆ ಕಲಿಸುವ ಪ್ರಶ್ನೆ ಎಎನ್‌ಐ ಸುದ್ದಿಸಂಸ್ಥೆ ಓಪನ್‌ಎಐ ವಿರುದ್ಧ 2024ರ ನವೆಂಬರ್‌ನಲ್ಲಿ ಹೂಡಿದ ದಾವೆಯೊಂದಿಗೆ ದೆಹಲಿ ಹೈಕೋರ್ಟಿಗೆ ಬಂತು. ಸಂಗೀತ ಕಂಪನಿಗಳೂ ಅದರಲ್ಲಿ ಸೇರಿಕೊಳ್ಳಲು ಕೇಳಿದವು. ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯ ಸಮಿತಿ 2025ರ ಡಿಸೆಂಬರ್‌ನಲ್ಲಿ ಚರ್ಚಾಪತ್ರ ಹೊರಡಿಸಿ, ಎಐ ಕಂಪನಿಗಳಿಗೆ ಕಡ್ಡಾಯ ಲೈಸೆನ್ಸು ಕೊಟ್ಟು ರಾಯಧನವನ್ನು ಒಂದೇ ಸಂಸ್ಥೆಯ ಮೂಲಕ ಸಂಗ್ರಹಿಸಿ ಹಂಚುವ ಪ್ರಸ್ತಾವ ಇಟ್ಟಿತು. ಆ ಪ್ರಸ್ತಾವದಂತೆ, ಕಲಿಸಬೇಡಿ ಎಂದು ಹಾಡುಗಾರ ಹೇಳುವಂತಿಲ್ಲ, ದುಡ್ಡು ಕೇಳಬಹುದು. ಹೀಗೆ ಹಂಚುವಾಗ ಬೇಕಾಗುವುದು ಯಾವ ಹಾಡು ಯಾರದು ಎಂಬ ದಾಖಲೆ. ಅಂಕಿತವನ್ನು ಹಾಡಿನೊಳಗೆ ಇಟ್ಟ ಪರಂಪರೆಯ ಹತ್ತಿರ ಆ ದಾಖಲೆ ಕಾಗದದ ಮೇಲೆ ಇಲ್ಲ. ಈ ಸೀಮೆಯ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕೊರತೆ ಇದು. ಕರ್ನಾಟಕ ಜಾನಪದ ಅಕಾಡೆಮಿ, ಬಯಲಾಟ ಅಕಾಡೆಮಿಗಳು ಪ್ರಶಸ್ತಿ ಕೊಡುವಷ್ಟೇ ಶ್ರದ್ಧೆಯಿಂದ ಹಾಡು, ಹಾಡುಗಾರ, ವಾದಕರ ಪಟ್ಟಿ ಮಾಡಿ ಇಡಬೇಕು.

ಇರುವ ಕಾನೂನೂ ಪೂರ್ತಿ ಬಳಕೆಯಾಗಿಲ್ಲ. ಸಾಹಿತ್ಯ ಬರೆದವರು, ರಾಗ ಸಂಯೋಜಿಸಿದವರಿಗಾಗಿ 1969ರಲ್ಲಿ ಶುರುವಾದ ಐಪಿಆರ್‌ಎಸ್ ಎಂಬ ಹಕ್ಕುಸ್ವಾಮ್ಯ ಸಂಘ ಇದೆ. ಗಾಯಕರಿಗಾಗಿ 2013ರಲ್ಲಿ ಇಸ್ರಾ ಎಂಬ ಹೆಸರಿನಲ್ಲಿ ನೋಂದಣಿಯಾದ ಸಂಘ ಇದೆ. ಗಾಯಕ, ವಾದಕರ ಹಕ್ಕು 50 ವರ್ಷ ನಡೆಯುತ್ತದೆ. ಪಾರಂಪರಿಕ ಹಾಡಿಗೆ ಕರ್ತೃ ಇಲ್ಲದಿದ್ದರೂ ಅದನ್ನು ಹಾಡಿದ ಗಾಯನಕ್ಕೆ ಈ ಹಕ್ಕು ಉಂಟು. ಹಾಡು ಬರೆದು ಚಾನೆಲ್ಲಿಗೆ ಕೊಡುವ ತಮ್ಮಂದಿರು, ತಂಗಿಯರು ಒಂದು ಮಾತು ನೆನಪಿಡಬೇಕು. 2012ರ ತಿದ್ದುಪಡಿಯ ನಂತರ ಹಕ್ಕುಸ್ವಾಮ್ಯ ಕಾಯ್ದೆಯ 18ನೇ ಕಲಮಿನಂತೆ, ಧ್ವನಿಮುದ್ರಣವಾದ ಹಾಡಿನ ಸಾಹಿತ್ಯ, ಸಂಗೀತಕ್ಕೆ ಬರುವ ರಾಯಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಕಂಪನಿಗೆ ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಮಾತ್ರ ವಹಿಸಬಹುದು. ‘ಎಲ್ಲ ಹಕ್ಕು ಕೊಟ್ಟಿದ್ದೇನೆ’ ಎಂದು ಬರೆದ ಕಾಗದಕ್ಕೆ ಸಹಿ ಹಾಕಿದ್ದರೂ ಆ ಪಾಲು ನಿಮ್ಮದೇ.